ಟ್ರೈಲರ್ ಎಳೆಯುವ ಪಿಕಪ್‌ಗೆ ಯಾವ ಟೈರು? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಪಿಕಪ್ ಕೊಂಡು, ಹಿಂದೆ ಟ್ರಾವೆಲ್ ಟ್ರೈಲರನ್ನೋ ದೋಣಿಯನ್ನೋ ಕಟ್ಟಿಕೊಂಡು ಹೊರಡುವ ಕನ್ನಡಿಗರಿಗಾಗಿ ಬರೆದದ್ದು ಇದು. ಲೆಕ್ಕವೆಲ್ಲ ಅಲ್ಲಿನ ಅಳತೆಯಲ್ಲೇ ಇದೆ: ತೂಕ ಪೌಂಡ್‌ನಲ್ಲಿ, ಗಾಳಿ ಪಿಎಸ್‌ಐನಲ್ಲಿ. ಉದಾಹರಣೆಗಳು ಹೆಚ್ಚಾಗಿ ಫೋರ್ಡ್ ಎಫ್-150, ಸಿಲ್ವರಾಡೊ 1500, ರ‍್ಯಾಮ್ 1500ರಂಥ ಹಾಫ್ ಟನ್ (ಹಗುರ ದರ್ಜೆಯ ಪಿಕಪ್) ಗಾಡಿಗಳವು. ಮುಕ್ಕಾಲು ಟನ್, ಒಂದು ಟನ್ ಗಾಡಿಗಳು ಕಾರ್ಖಾನೆಯಿಂದಲೇ ಭಾರದ ಟೈರು ಹಾಕಿಕೊಂಡು ಬರುತ್ತವೆ. ಗೊಂದಲವೆಲ್ಲ ಹಾಫ್ ಟನ್‌ನವರದು.

ನನ್ನ ಗಾಡಿ 9,000 ಪೌಂಡ್ ಎಳೆಯುತ್ತದೆ ಎಂದು ಕಂಪನಿಯೇ ಹೇಳಿದೆ. ಜೊತೆಗೆ ಬಂದ ಟೈರು ಸಾಲದೇ?

ಎಳೆಯುವ ತೂಕ ಬೇರೆ, ಹೊರುವ ತೂಕ ಬೇರೆ. ಟ್ರೈಲರಿನ ಬಹುಪಾಲು ಭಾರವನ್ನು ಅದರ ಸ್ವಂತ ಚಕ್ರಗಳೇ ಹೊರುತ್ತವೆ. ಪಿಕಪ್‌ನ ಟೈರಿನ ಮೇಲೆ ಕೂರುವುದು ಹಿಚ್ (ಟ್ರೈಲರು ಕಟ್ಟುವ ಕೊಂಡಿ) ಮೇಲೆ ಒತ್ತುವ ಭಾಗ ಮಾತ್ರ. ಅದನ್ನು ಟಂಗ್ ವೇಟ್ ಎನ್ನುತ್ತಾರೆ. ಟ್ರಾವೆಲ್ ಟ್ರೈಲರಿಗೆ ಅದು ಒಟ್ಟು ತೂಕದ ಶೇ. 10ರಿಂದ 15, ಫಿಫ್ತ್ ವೀಲ್‌ಗೆ (ಪಿಕಪ್‌ನ ತೊಟ್ಟಿಯೊಳಗೆ ಕೊಂಡಿ ಹಾಕುವ ಟ್ರೈಲರಿಗೆ) ಶೇ. 15ರಿಂದ 25.

ಆದರೆ ಆ ಭಾರ ಹಿಂದಿನ ಆಕ್ಸಲ್ ಮೇಲೆ ಇದ್ದಷ್ಟೇ ಕೂರುವುದಿಲ್ಲ, ಇನ್ನೂ ಹೆಚ್ಚಾಗಿ ಕೂರುತ್ತದೆ. ಹಿಂದೆ ಮೂಟೆ ಜಾಸ್ತಿಯಾದರೆ ಎತ್ತಿನ ಗಾಡಿಯ ಮೂಕಿ ಮೇಲೇಳುವುದನ್ನು ನೋಡಿದ್ದೀರಲ್ಲ, ಅದೇ ಕಥೆ. 7,000 ಪೌಂಡ್ ಟ್ರೈಲರು, ಟಂಗ್ ವೇಟ್ ಶೇ. 13 ಎಂದರೆ 910 ಪೌಂಡ್. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 145 ಇಂಚು, ಹಿಂದಿನ ಚಕ್ರದಿಂದ ಹಿಚ್ ಗುಂಡಿಗೆ 60 ಇಂಚು ಎಂದಿಟ್ಟುಕೊಳ್ಳಿ. 910 ಅನ್ನು 205ರಿಂದ (145 + 60) ಗುಣಿಸಿ 145ರಿಂದ ಭಾಗಿಸಿದರೆ ಸುಮಾರು 1,290. ಅಂದರೆ ಹಿಂದಿನ ಆಕ್ಸಲ್‌ಗೆ 1,290 ಸೇರಿತು, ಮುಂದಿನದರಿಂದ 380 ಎದ್ದುಹೋಯಿತು. ಖಾಲಿ ಗಾಡಿಯ ಹಿಂಭಾಗ 2,200 ಇದ್ದು, ಜನ, ಐಸ್ ಬಾಕ್ಸ್, ಸೈಕಲ್ಲು ಸೇರಿ ಅಲ್ಲಿಗೆ 400 ಬಿದ್ದರೆ ಒಟ್ಟು 3,890. ಒಂದೊಂದು ಹಿಂದಿನ ಟೈರಿಗೆ 1,945.

ಈಗ ಟೈರಿನ ಕಡೆ ನೋಡಿ. ಹಾಫ್ ಟನ್ ಗಾಡಿಗಳಲ್ಲಿ ಸಾಮಾನ್ಯವಾದ 275/65 ಆರ್ 18, ಲೋಡ್ ಇಂಡೆಕ್ಸ್ (ಹೊರುವ ಶಕ್ತಿಯ ಸಂಕೇತ ಸಂಖ್ಯೆ) 116ರ ಟೈರು ಕಾರಿನ ಮೇಲೆ 2,756 ಪೌಂಡ್ ಹೊರುತ್ತದೆ. ಅದೇ ಟೈರನ್ನು ಪಿಕಪ್‌ಗೆ ಹಾಕಿದರೆ 1.10ರಿಂದ ಭಾಗಿಸಬೇಕೆಂಬ ನಿಯಮವಿದೆ: 2,505. ಎರಡು ಸೇರಿ 5,010. ಅಂಕಿಯ ಮಟ್ಟಿಗೆ ಹಳೆ ಟೈರೇ ಸಾಕು! ವರ್ಷಕ್ಕೆ ನಾಲ್ಕೈದು ಸಲ, ಒಳ್ಳೆ ರಸ್ತೆಯಲ್ಲಿ, 5,000 ಪೌಂಡಿನೊಳಗಿನ ಟ್ರೈಲರ್ ಎಳೆಯುವವರು ಭಾರದ ಟೈರಿಗೆ ದುಡ್ಡು ಸುರಿಯಬೇಕಿಲ್ಲ ಎಂದೇ ನಮ್ಮ ಅಭಿಪ್ರಾಯ.

ಹಾಗಾದರೆ ಎಲ್‌ಟಿ ಟೈರು ಯಾರಿಗೆ ಬೇಕು?

ತಿಂಗಳಿಗೆರಡು ಸಲ ಎಳೆಯುವವರಿಗೆ. 6,000–7,000 ಪೌಂಡ್ ದಾಟಿದವರಿಗೆ. ಕ್ಯಾಂಪಿಗೆಂದು ಜಲ್ಲಿ ರಸ್ತೆ ಹಿಡಿಯುವವರಿಗೆ. ಟೆಕ್ಸಸ್, ಅರಿಜೋನಾದ ಬೇಸಿಗೆಯಲ್ಲಿ ಹೆದ್ದಾರಿ ಮೇಲೆ ಗಂಟೆಗಟ್ಟಲೆ ಓಡಿಸುವವರಿಗೆ. ಸೈಜಿನ ಮುಂದೆ ‘ಪಿ’ ಇದ್ದರೂ, ಯಾವ ಅಕ್ಷರವೂ ಇಲ್ಲದಿದ್ದರೂ ಅದು ಕಾರಿನ ಜಾತಿಯ ಟೈರು. ‘ಎಲ್‌ಟಿ’ ಎಂದಿದ್ದರೆ ಲೈಟ್ ಟ್ರಕ್. ಎಲ್‌ಟಿಯ ಪಕ್ಕೆ ದಪ್ಪ, ಬಟನ್ ಆಳ, ಕಲ್ಲಿಗೆ ಸುಲಭವಾಗಿ ಸೀಳುವುದಿಲ್ಲ. ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದಾಗ ಗಾಡಿಯ ಹಿಂಭಾಗ ಜೆಲ್ಲಿಯಂತೆ ಅಲುಗುವುದು ಕಡಿಮೆಯಾಗುತ್ತದೆ.

ಕಳೆದುಕೊಳ್ಳುವುದೂ ಉಂಟು. ಒಂದೊಂದು ಟೈರು ಹತ್ತು ಪೌಂಡಿಗೂ ಹೆಚ್ಚು ತೂಕ ಏರುತ್ತದೆ, ಮೈಲೇಜ್ ಇಳಿಯುತ್ತದೆ, ಖಾಲಿ ಗಾಡಿ ಕುಲುಕುತ್ತದೆ. ದಿನಾ ಆಫೀಸಿಗೆ ಇದೇ ಗಾಡಿಯಲ್ಲಿ ಹೋಗುವುದಾದರೆ ಆ ಕುಲುಕಾಟವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಟ್ರೈಲರು ಹಾವಿನಂತೆ ಅತ್ತಿತ್ತ ಹೊರಳುತ್ತಿದೆ ಎಂದು ಟೈರು ಬದಲಿಸಲು ಬರುವವರಿದ್ದಾರೆ. ಮೊದಲು ಟಂಗ್ ವೇಟ್ ನೋಡಿ. ಅದು ಶೇ. 10ಕ್ಕಿಂತ ಕಡಿಮೆಯಿದ್ದರೆ ಯಾವ ಟೈರು ಹಾಕಿದರೂ ಆ ಹೊರಳಾಟ ನಿಲ್ಲದು. ಟ್ರೈಲರಿನೊಳಗಿನ ಸಾಮಾನನ್ನು ಮುಂದಕ್ಕೆ ಸರಿಸಬೇಕು.

‘ಲೋಡ್ ರೇಂಜ್ ಇ’, ‘10 ಪ್ಲೈ’ ಎಂದರೆ ನಿಜಕ್ಕೂ ಹತ್ತು ಪದರವೇ?

ಅಲ್ಲ. ಹತ್ತಿ ದಾರದ ಪದರಗಳಿಂದ ಟೈರು ಮಾಡುತ್ತಿದ್ದ ಕಾಲದ ಮಾತು ಅದು. ಈಗಿನ ಇ ರೇಂಜಿನ ಟೈರಿನ ಪಕ್ಕೆಯಲ್ಲಿ ಸಾಮಾನ್ಯವಾಗಿ ಇರುವುದು ಎರಡೋ ಮೂರೋ ಪಾಲಿಯೆಸ್ಟರ್ ಪದರ, ನೆತ್ತಿಯಲ್ಲಿ ಎರಡು ಉಕ್ಕಿನ ಬೆಲ್ಟು. ಹತ್ತು ಪದರದಷ್ಟು ಬಲ ಎಂಬ ಅರ್ಥವಷ್ಟೇ ಉಳಿದಿದೆ. ಊರಿನಲ್ಲಿ ಗೂಡ್ಸ್ ಗಾಡಿಯ ಟೈರಿನ ಮೇಲೆ 8 ಪಿಆರ್ ಎಂದು ಅಚ್ಚಾಗಿರುತ್ತದಲ್ಲ, ಅದೂ ಇದೇ ವಂಶದ್ದು.

ಅಕ್ಷರ ಹೇಳುವುದು ಟೈರು ಎಷ್ಟು ಗಾಳಿ ತಡೆಯುತ್ತದೆ ಎಂಬುದನ್ನು: ಸಿ ಆದರೆ 50 ಪಿಎಸ್‌ಐ, ಡಿ 65, ಇ 80, ಎಫ್ 95. ಎಷ್ಟು ಹೊರುತ್ತದೆ ಎಂಬುದನ್ನು ಲೋಡ್ ಇಂಡೆಕ್ಸ್ ಹೇಳುತ್ತದೆ. ಎಲ್‌ಟಿ 275/65 ಆರ್ 18 ಇ ರೇಂಜಿನಲ್ಲಿ 123/120 ಎಂದಿರುತ್ತದೆ. ಮೊದಲ ಅಂಕಿ ಆಕ್ಸಲ್‌ನ ಒಂದೊಂದು ಬದಿಗೆ ಒಂದೇ ಚಕ್ರವಿದ್ದಾಗಿನದು, ಎರಡನೆಯದು ಜೋಡಿ ಚಕ್ರದ್ದು. 123 ಎಂದರೆ 1,550 ಕಿಲೊ, ಸುಮಾರು 3,415 ಪೌಂಡ್. ಆದರೆ 80 ಪಿಎಸ್‌ಐ ಗಾಳಿ ಇದ್ದಾಗ ಮಾತ್ರ! ಈ ‘ಇದ್ದಾಗ ಮಾತ್ರ’ ಅನ್ನುವುದನ್ನು ಮರೆತೇ ಅರ್ಧ ಅನಾಹುತ ಆಗುವುದು.

ಹೊಸ ಎಲ್‌ಟಿ ಟೈರಿಗೆ ಬಾಗಿಲಿನ ಸ್ಟಿಕ್ಕರ್ ಹೇಳುವ 35 ಪಿಎಸ್‌ಐ ಹೊಡೆಸಿದರೆ ಸಾಕಲ್ಲವೇ?

ಸಾಲದು. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಭಾರ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ರಬ್ಬರು, ದಾರ, ಉಕ್ಕು ಇವೆಲ್ಲ ಆ ಗಾಳಿಯನ್ನು ಹಿಡಿದಿಡುವ ಚೀಲ. ಇ ರೇಂಜಿನ ಚೀಲ ಗಟ್ಟಿ, 80ರವರೆಗೆ ತುಂಬಬಹುದು; ಅಷ್ಟೇ. ಅದಕ್ಕೆ ಕಡಿಮೆ ತುಂಬಿದರೆ ಕಡಿಮೆ ಹೊರುತ್ತದೆ. ಅದೇ ಎಲ್‌ಟಿ 275/65 ಆರ್ 18 ಸೈಜು ಸಿ ರೇಂಜಿನಲ್ಲೂ ಸಿಗುತ್ತದೆ: 50 ಪಿಎಸ್‌ಐಗೆ 2,535 ಪೌಂಡ್. ಇ ರೇಂಜಿನದಕ್ಕೂ 50 ತುಂಬಿದರೆ ಅದೇ 2,535, ಒಂದು ಪೌಂಡೂ ಹೆಚ್ಚಿಲ್ಲ. ಹಳೆಯ ಕಾರು ಜಾತಿಯ ಟೈರು 35 ಪಿಎಸ್‌ಐನಲ್ಲಿ ಹೊರುತ್ತಿದ್ದದ್ದು ಎಷ್ಟು? 2,505. ಅಂದರೆ ಹಳೆ ಟೈರು 35ರಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಹೊಸದಕ್ಕೆ ಹತ್ತಿರ ಹತ್ತಿರ 50 ಬೇಕು. ಎಲ್‌ಟಿ ಹಾಕಿಸಿ 35ರಲ್ಲೇ ಬಿಟ್ಟವರು ದುಬಾರಿ ದುಡ್ಡು ಕೊಟ್ಟು ಮೊದಲಿಗಿಂತ ಕಡಿಮೆ ಹೊರುವ ಟೈರು ತಂದಂತಾಯಿತು.

ಕೆಡುವುದು ಹೀಗೆ: ಗಾಳಿ ಕಡಿಮೆಯಾದಾಗ ಪಕ್ಕೆ ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುತ್ತದೆ. ಗಂಟೆಗೆ 65 ಮೈಲಿಯಲ್ಲಿ ಈ ಸೈಜಿನ ಚಕ್ರ ನಿಮಿಷಕ್ಕೆ ಸುಮಾರು 700 ಸುತ್ತು ಸುತ್ತುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಿದ್ದರೆ ಬಿಸಿಯಾಗುವಂತೆ ಪಕ್ಕೆಯೂ ಬಿಸಿಯಾಗುತ್ತದೆ. ಎಲ್‌ಟಿಯ ಪಕ್ಕೆ ದಪ್ಪವಾದ್ದರಿಂದ ಬಿಸಿ ಹೊರಹೋಗುವುದೂ ನಿಧಾನ. ಒಳಗಿನ ಉಕ್ಕಿನ ಬೆಲ್ಟಿನ ಅಂಚಿನಲ್ಲಿ ರಬ್ಬರಿನ ಬೆಸುಗೆ ಬಿಟ್ಟುಕೊಳ್ಳುತ್ತದೆ, ಒಂದು ಮಧ್ಯಾಹ್ನ ನೆತ್ತಿಯ ಪಟ್ಟಿ ಇಡಿಯಾಗಿ ಕಿತ್ತುಬರುತ್ತದೆ. 2000ದ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಕರೆಸಿಕೊಂಡ ಪ್ರಕರಣದಲ್ಲೂ ನೆತ್ತಿ ಕಿತ್ತುಬರುವುದೇ ದೂರು. ತಯಾರಿಕೆಯ ದೋಷದ ಜೊತೆಗೆ ಬಿಸಿಲಿನ ರಾಜ್ಯಗಳು, ಹೊರೆ, ಫೋರ್ಡ್ ಎಕ್ಸ್‌ಪ್ಲೋರರ್‌ಗೆ ಹೇಳಿದ್ದ 26 ಪಿಎಸ್‌ಐ ಗಾಳಿ ಎಲ್ಲವೂ ಆಗ ಚರ್ಚೆಗೆ ಬಂದವು.

ಸರಿ, ಎಷ್ಟು ಹೊಡೆಸಬೇಕು? 80 ತುಂಬಿಸಿಬಿಟ್ಟರೆ ತೊಂದರೆಯೇ?

ಖಾಲಿ ಹಾಫ್ ಟನ್‌ಗೆ 80 ತುಂಬಿದರೆ ಟೈರಿನ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ. ನಡುವೆ ಬೇಗ ಸವೆಯುತ್ತದೆ, ಮಳೆಯಲ್ಲಿ ಬ್ರೇಕ್ ಹಿಡಿಯುವುದು ಕೆಡುತ್ತದೆ.

ಟೈರು ಬದಲಿಸುವಾಗಿನ ಕಟ್ಟಳೆ ಇದು: ಸ್ಟಿಕ್ಕರಿನ ಒತ್ತಡದಲ್ಲಿ ಹಳೆ ಟೈರು ಎಷ್ಟು ಹೊರುತ್ತಿತ್ತೋ ಕನಿಷ್ಠ ಅಷ್ಟನ್ನು ಹೊಸದು ಹೊರಬೇಕು. ಮೇಲಿನ ಉದಾಹರಣೆಯಲ್ಲಿ ಅದು 50. ಅದನ್ನು ತಳಮಟ್ಟ ಎಂದಿಟ್ಟುಕೊಳ್ಳಿ. ಟ್ರೈಲರ್ ಕಟ್ಟಿದಾಗ ಹಿಂದಿನ ಆಕ್ಸಲ್‌ನ ನಿಜವಾದ ತೂಕ ತೆಗೆದುಕೊಂಡು, ಎರಡರಿಂದ ಭಾಗಿಸಿ, ಎಡಬಲದ ವ್ಯತ್ಯಾಸಕ್ಕೆಂದು ಶೇ. 10 ಸೇರಿಸಿ. 3,890 ಆದರೆ 1,945, ಸೇರಿಸಿದ ಮೇಲೆ 2,140. ನಿಮ್ಮ ಸೈಜಿನ ಲೋಡ್-ಇನ್‌ಫ್ಲೇಷನ್ ಪಟ್ಟಿಯನ್ನು ಟೈರು ಕಂಪನಿಯ ವೆಬ್‌ಸೈಟಿನಿಂದ ಇಳಿಸಿಕೊಂಡು ಆ ತೂಕದ ಎದುರಿನ ಒತ್ತಡ ನೋಡಿ. ಇಲ್ಲಿ 50 ಧಾರಾಳವಾಯಿತು. ಬೇಸಿಗೆಯ ದೂರದ ಪಯಣಕ್ಕೆ ಹಿಂದಿನವಕ್ಕೆ 55–60 ಹಾಕಿದರೆ ಪಕ್ಕೆ ಬಿಗಿಯಾಗಿರುತ್ತದೆ. ಎಫ್-250ರಂಥ ಗಾಡಿಗೆ ಈ ತಲೆನೋವಿಲ್ಲ, ಅದರ ಸ್ಟಿಕ್ಕರ್ ಎಲ್‌ಟಿಗೆಂದೇ ಬರೆದದ್ದು.

ಕಾರು ಜಾತಿಯ ಟೈರನ್ನೇ ಇಟ್ಟುಕೊಂಡವರಿಗೆ ಒಂದು ಮಾತು. ಪಕ್ಕೆಯ ಮೇಲೆ ಗರಿಷ್ಠ 44 ಅಥವಾ 51 ಎಂದಿರುತ್ತದೆ. 35ರಿಂದ 40ಕ್ಕೆ ಏರಿಸಿದರೆ ಅಲುಗಾಟ ಕಡಿಮೆಯಾದೀತು, ಆದರೆ ಹೊರುವ ಮಿತಿ ಏರುವುದಿಲ್ಲ.

ಅಳೆಯುವುದು ಬೆಳಿಗ್ಗೆ, ಗಾಡಿ ಕದಲುವ ಮೊದಲು. ಹವೆ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ 35ರ ಟೈರಿನಲ್ಲಿ 1 ಪಿಎಸ್‌ಐ ಇಳಿಯುತ್ತದೆ, 80ರದರಲ್ಲಿ ಸುಮಾರು 2. ದಾರಿಯಲ್ಲಿ ಬಿಸಿಯಾಗಿ ಒತ್ತಡ ಏರಿದೆಯೆಂದು ಗಾಳಿ ಬಿಡಬೇಡಿ. ಮಾಪಕ 100 ಪಿಎಸ್‌ಐವರೆಗೆ ತೋರಿಸುವಂಥದ್ದಿರಲಿ. ಕಾರಿನ ಪುಟ್ಟ ಪೆನ್ ಗೇಜು 50ಕ್ಕೇ ನಿಂತುಬಿಡುತ್ತದೆ.

ಆಕ್ಸಲ್‌ನ ನಿಜವಾದ ತೂಕ ತಿಳಿಯುವುದು ಎಲ್ಲಿ?

ಹೆದ್ದಾರಿಯ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಇರುತ್ತದೆ. ಊರಿನ ಸಕ್ಕರೆ ಕಾರ್ಖಾನೆ ಮುಂದಿನ ವೇ ಬ್ರಿಡ್ಜ್ ನೋಡಿದವರಿಗೆ ಹೊಸದೇನಲ್ಲ. ವ್ಯತ್ಯಾಸವೆಂದರೆ ಇಲ್ಲಿ ಮೂರು ಹಲಗೆ. ಮುಂದಿನ ಆಕ್ಸಲ್ ಒಂದರ ಮೇಲೆ, ಹಿಂದಿನದು ಇನ್ನೊಂದರ ಮೇಲೆ, ಟ್ರೈಲರಿನ ಚಕ್ರಗಳು ಮೂರನೆಯದರ ಮೇಲೆ. ನಿಮ್ಮ ಹಿಂದೆ ದೊಡ್ಡ ಲಾರಿಗಳು ಕಾಯುತ್ತಿರುತ್ತವೆ, ಗಾಬರಿಯಾಗಬೇಡಿ. ಕಂಬದ ಮೇಲಿನ ಗುಂಡಿ ಒತ್ತಿ, ಮೊದಲ ತೂಕ, ಖಾಸಗಿ ಗಾಡಿ ಎಂದರೆ ಸಾಕು. ಫೋನಿನ ಆ್ಯಪ್‌ನಲ್ಲೂ ಮಾಡಬಹುದು.

ನೀರು, ಪೆಟ್ರೋಲು ತುಂಬಿ, ಮನೆಮಂದಿಯೆಲ್ಲ ಕೂತು, ಹೊರಡುವ ದಿನ ಹೇಗಿರುತ್ತೀರೋ ಹಾಗೇ ತೂಗಿಸಿ. ಆಮೇಲೆ ಟ್ರೈಲರನ್ನು ಪಾರ್ಕಿಂಗ್‌ನಲ್ಲಿ ಬಿಚ್ಚಿಟ್ಟು ಪಿಕಪ್ಪನ್ನು ಮಾತ್ರ ಮತ್ತೆ ತೂಗಿಸಿ; ಎರಡನೆಯ ಸಲಕ್ಕೆ ದರ ಕಡಿಮೆ. ಎರಡು ಚೀಟಿಯಲ್ಲಿನ ಪಿಕಪ್ ತೂಕಗಳ ವ್ಯತ್ಯಾಸವೇ ಟಂಗ್ ವೇಟ್. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ (ಹಿಂದಿನ ಆಕ್ಸಲ್‌ನ ಭಾರವನ್ನು ಸರಳುಗಳ ಬಲದಿಂದ ಮುಂದಿನ ಆಕ್ಸಲ್‌ಗೂ ಟ್ರೈಲರಿಗೂ ಹಂಚುವ ಕೊಂಡಿ) ಇದ್ದರೆ ಅದರ ಸರಳುಗಳನ್ನು ಸಡಿಲಿಸಿ ಇನ್ನೊಮ್ಮೆ ತೂಗಿಸಬೇಕು, ಇಲ್ಲದಿದ್ದರೆ ಒಂದಷ್ಟು ಭಾರ ಟ್ರೈಲರಿನ ಚಕ್ರಗಳ ಮೇಲೆ ಅಡಗಿ ಕೂತಿರುತ್ತದೆ.

ಇ ರೇಂಜ್ ಹಾಕಿಸಿದರೆ ಗಾಡಿಯ ಹೊರುವ ಮಿತಿ ಏರುತ್ತದೆಯೇ?

ಇಲ್ಲ. ಚಾಲಕನ ಬಾಗಿಲಿನ ಕಂಬದ ಮೇಲೆ ಜಿಎಡಬ್ಲ್ಯುಆರ್ ಎಂದು ಮುಂದಿನದಕ್ಕೊಂದು, ಹಿಂದಿನದಕ್ಕೊಂದು ಅಂಕಿಯಿದೆ. ಸ್ಪ್ರಿಂಗು, ಆಕ್ಸಲ್, ರಿಮ್ಮು ಎಲ್ಲ ಸೇರಿ ತಡೆಯುವ ಮಿತಿ ಅದು. ನಮ್ಮ ಉದಾಹರಣೆಯ ಗಾಡಿಯ ಹಿಂದಿನ ಮಿತಿ 3,800 ಎಂದಿದ್ದರೆ 3,890ರಲ್ಲಿ ಅದು ಈಗಾಗಲೇ ದಾಟಿದೆ, ಟೈರಿನಲ್ಲಿ ಇನ್ನೂ ಸಾವಿರ ಪೌಂಡ್ ಜಾಗವಿದ್ದರೂ. ಆಗ ಬೇಕಾದದ್ದು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್, ಇಲ್ಲವೇ ಹಿಂದಿನ ತೊಟ್ಟಿಯಿಂದ ಒಂದಿಷ್ಟು ಸಾಮಾನು ಇಳಿಸುವುದು.

ಹಳೆ ರಿಮ್ಮು, ಹಳೆ ವಾಲ್ವು ನಡೆಯುತ್ತದೆಯೇ?

ರಿಮ್ಮಿನ ಹಿಂಬದಿಯಲ್ಲಿ ಅದು ತಡೆಯುವ ಭಾರ ಅಚ್ಚಾಗಿರುತ್ತದೆ, ಟೈರು ಕಳಚಿದಾಗ ಓದಿಸಿಕೊಳ್ಳಿ. ಹೊರಗಿನಿಂದ ಕೊಂಡ ಅಂದದ ರಿಮ್ಮುಗಳಲ್ಲಿ ಇದು ಕಡಿಮೆಯಿರುವುದುಂಟು.

ವಾಲ್ವಿನ ವಿಷಯ ಸಣ್ಣದು, ಆದರೆ ಕೈಕೊಡುವುದು ಅಲ್ಲೇ. ಕಾರಿನಲ್ಲಿ ಎಲ್ಲೆಲ್ಲೂ ಕಾಣುವ ಟಿಆರ್ 413 ರಬ್ಬರ್ ವಾಲ್ವಿನ ಮಿತಿ 65 ಪಿಎಸ್‌ಐ. 80 ತುಂಬುವ ಯೋಚನೆ ಇದ್ದರೆ ಟಿಆರ್ 600 ಎಚ್‌ಪಿ ಅಥವಾ ನಟ್ಟಿನಿಂದ ಬಿಗಿಯುವ ಲೋಹದ ವಾಲ್ವು ಹಾಕಿಸಿ. ಅಂಗಡಿಯಲ್ಲಿ ಕೇಳದಿದ್ದರೆ ಹಳೆಯದನ್ನೇ ಬಿಟ್ಟಾರು.

ಗಾಳಿ ಕಡಿಮೆಯಾದರೆ ಡ್ಯಾಶ್‌ಬೋರ್ಡ್‌ನ ದೀಪ ಹೇಳುತ್ತದಲ್ಲ?

ಆ ದೀಪ ಹತ್ತುವುದು ಸ್ಟಿಕ್ಕರಿನ ಒತ್ತಡಕ್ಕಿಂತ ಶೇ. 25 ಇಳಿದಾಗ. ಸ್ಟಿಕ್ಕರ್ 35 ಎಂದರೆ ಸುಮಾರು 26ರಲ್ಲಿ. ನಿಮ್ಮ ಎಲ್‌ಟಿ ಟೈರು 55ರಿಂದ ಸೋರಿ 30ಕ್ಕೆ ಬಂದರೂ ದೀಪ ತೆಪ್ಪಗಿರುತ್ತದೆ, ಅಷ್ಟರಲ್ಲಿ ಟೈರಿನ ಕಥೆ ಮುಗಿದಿರುತ್ತದೆ. ಡೀಲರ್ ಬಳಿ ಈ ಮಿತಿಯನ್ನು ಏರಿಸಬಹುದೇ ಎಂದು ಕೇಳಿ. ಆಗದಿದ್ದರೆ ಪರದೆಯ ಮೇಲೆ ಬರುವ ಅಂಕಿಗಳನ್ನು ನೀವೇ ಗಂಟೆಗೊಮ್ಮೆ ನೋಡುತ್ತಿರಿ.

ಹೈವೇ ಟೈರೋ, ಆಲ್ ಟೆರೇನೋ?

ಡಾಂಬರಿನ ಮೇಲೆ ಎಳೆಯುವವರಿಗೆ ಹೈವೇ ಟೈರು. ಸದ್ದು ಕಡಿಮೆ, ಬಟನ್ ಅಲುಗುವುದಿಲ್ಲ, ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ. ಮಿಶೆಲಿನ್ ಡಿಫೆಂಡರ್ ಎಲ್‌ಟಿಎಕ್ಸ್, ಫೈರ್‌ಸ್ಟೋನ್ ಟ್ರಾನ್ಸ್‌ಫೋರ್ಸ್ ಎಚ್‌ಟಿ ಈ ಬಗೆಯವು. ಜಲ್ಲಿ, ಹಿಮ, ಒದ್ದೆ ಹುಲ್ಲಿನ ಕ್ಯಾಂಪು, ದೋಣಿ ಇಳಿಸುವ ಜಾರು ಇಳಿಜಾರು ಇದ್ದರೆ ಆಲ್ ಟೆರೇನ್. ಬಿಎಫ್ ಗುಡ್‌ರಿಚ್ ಕೆಒ2, ಫಾಲ್ಕನ್ ವೈಲ್ಡ್‌ಪೀಕ್ ಇಂಥವು. ಕೆಸರಿನ ಟೈರು ಟ್ರೈಲರ್ ಎಳೆಯುವ ಗಾಡಿಗೆ ಬೇಡ. ಎತ್ತರದ ಬಟನ್‌ಗಳು ಭಾರದಡಿ ತೊನೆದಾಡುತ್ತವೆ.

ಹಿಮದ ಊರಿನವರು ಪಕ್ಕೆಯ ಮೇಲೆ ಮೂರು ಶಿಖರದ ನಡುವೆ ಹಿಮದ ಹರಳಿನ ಗುರುತು ಹುಡುಕಿ. ಬರೀ ಎಂ+ಎಸ್ (ಕೆಸರು, ಹಿಮ) ಎಂಬುದು ಬಟನ್‌ಗಳ ವಿನ್ಯಾಸ ನೋಡಿ ಕೊಟ್ಟದ್ದು, ಹಿಮದ ಮೇಲೆ ಓಡಿಸಿ ಪರೀಕ್ಷಿಸಿದ್ದಲ್ಲ. ಕೊಲರಾಡೊದ ಐ-70 ಬೆಟ್ಟದ ದಾರಿಯಲ್ಲಿ ಚಳಿಗಾಲಕ್ಕೆ ಬಟನ್ ಆಳ ಕನಿಷ್ಠ 3/16 ಇಂಚು ಇರಲೇಬೇಕು.

ಟ್ರೆಡ್‌ವೇರ್ (ಸವೆತ ತಡೆಯುವ ಶಕ್ತಿ) 600, 700 ಎಂಬ ಅಂಕಿ ಎಲ್‌ಟಿ ಟೈರಿನಲ್ಲಿ ಹುಡುಕಬೇಡಿ, ಆ ಪದ್ಧತಿ ಇವಕ್ಕೆ ಅನ್ವಯಿಸುವುದಿಲ್ಲ.

35 ಇಂಚಿನ ಟೈರು ಹಾಕಿಸೋಣವೆಂದಿದ್ದೇನೆ.

ಅಂದಕ್ಕಾದರೆ ಸರಿ. 275/65 ಆರ್ 18ರ ಎತ್ತರ 32.1 ಇಂಚು. 35ಕ್ಕೆ ಹೋದರೆ ಶೇ. 9 ಎತ್ತರ, ಅಂದರೆ 3.55ರ ಆಕ್ಸಲ್ ಗೇರು 3.26ರಂತೆ ವರ್ತಿಸುತ್ತದೆ. ಏರಿನಲ್ಲಿ ಗಾಡಿ ಮತ್ತೆ ಮತ್ತೆ ಕೆಳ ಗೇರಿಗೆ ಬೀಳುತ್ತದೆ, ಗೇರ್‌ಬಾಕ್ಸ್ ಎಣ್ಣೆ ಕಾಯುತ್ತದೆ. ಮೀಟರು 60 ತೋರಿಸುವಾಗ ನೀವು 65ರಲ್ಲಿರುತ್ತೀರಿ.

ಹಿಂದಿನ ಎರಡನ್ನು ಮಾತ್ರ ಎಲ್‌ಟಿ ಮಾಡಬಹುದೇ?

ಬೇಡ. ಹಿಂದೆ ಬಿಗಿ, ಮುಂದೆ ಮೆತ್ತಗೆ ಆದರೆ ತಿರುವಿನಲ್ಲಿ ಗಾಡಿ ಹೇಳಿದಂತೆ ಕೇಳುವುದಿಲ್ಲ. ಫೋರ್ ವೀಲ್ ಡ್ರೈವ್ ಆದರೆ ಎತ್ತರದ ವ್ಯತ್ಯಾಸ ಟ್ರಾನ್ಸ್‌ಫರ್ ಕೇಸಿಗೂ (ಮುಂದಿನ, ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಹಂಚುವ ಪೆಟ್ಟಿಗೆ) ಪೆಟ್ಟು. ನಾಲ್ಕೂ ಒಂದೇ ಇರಲಿ.

ಹಿಂದೆ ಜೋಡಿ ಚಕ್ರದ ಗಾಡಿ ಇದೆ. ಬೇರೆ ಲೆಕ್ಕವೇ?

ಇಂಡೆಕ್ಸಿನ ಎರಡನೇ ಅಂಕಿ ಹಿಡಿಯಿರಿ. ಎಲ್‌ಟಿ 235/80 ಆರ್ 17 ಇ ರೇಂಜ್ 120/117 ಆದರೆ ಜೋಡಿಯಲ್ಲಿ ಒಂದಕ್ಕೆ 2,835, ನಾಲ್ಕಕ್ಕೆ 11,340 ಪೌಂಡ್. ಒಳಗಿನ ಟೈರಿನ ಗಾಳಿ ನೋಡುವವರೇ ಕಡಿಮೆ. ಅದು ಇಳಿದರೆ ಅದರ ಪಾಲಿನ ಭಾರವನ್ನೂ ಹೊರಗಿನದೇ ಹೊತ್ತು ಕಾಯುತ್ತದೆ. ವಾಲ್ವಿಗೆ ಉದ್ದದ ಕೊಳವೆ ಹಾಕಿಸಿದರೆ ಸೋಮಾರಿತನಕ್ಕೆ ನೆಪ ಇರುವುದಿಲ್ಲ. ಜೋಡಿಯ ನಡುವೆ ಕಲ್ಲು ಸಿಕ್ಕಿದೆಯೇ ಎಂದು ಬಗ್ಗಿ ನೋಡಿ.

ಟ್ರೈಲರಿನ ಟೈರುಗಳು?

ಅವು ‘ಎಸ್‌ಟಿ’ ಎಂಬ ಬೇರೆ ಜಾತಿ, ಪಿಕಪ್‌ಗೆ ಹಾಕುವಂತಿಲ್ಲ. ದಾರಿಯಲ್ಲಿ ಸಿಡಿಯುವುದು ಪಿಕಪ್‌ನದಕ್ಕಿಂತ ಹೆಚ್ಚಾಗಿ ಇವೇ: ವರ್ಷದಲ್ಲಿ ಹತ್ತು ತಿಂಗಳು ಬಿಸಿಲಲ್ಲಿ ನಿಂತು ಒಣಗಿರುತ್ತವೆ, ಬಟನ್ ಮಾತ್ರ ಹೊಸದರಂತೆ ಕಾಣುತ್ತದೆ. ಪಕ್ಕೆಯ ಮೇಲಿನ ಗರಿಷ್ಠ ಒತ್ತಡವನ್ನೇ ತುಂಬಿ. ವೇಗದ ಅಕ್ಷರವೂ ನೋಡಿ: ಎಲ್ ಎಂದರೆ ಗಂಟೆಗೆ 75 ಮೈಲಿ, ಎಂ 81. ಅಕ್ಷರವೇ ಇಲ್ಲದ ಹಳೆಯವನ್ನು 65 ದಾಟಿಸಬೇಡಿ.

ಟೈರಿನ ವಯಸ್ಸು ತಿಳಿಯುವುದು ಹೇಗೆ?

ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ. 2323 ಎಂದರೆ 2023ರ 23ನೇ ವಾರ. ನಾಲ್ಕಂಕಿ ಕಾಣದಿದ್ದರೆ ಟೈರಿನ ಒಳಬದಿ ನೋಡಿ, ಪೂರ್ತಿ ಸಂಖ್ಯೆ ಒಂದೇ ಪಕ್ಕೆಯಲ್ಲಿರುತ್ತದೆ. ಬಟನ್ ಎಷ್ಟೇ ಉಳಿದಿದ್ದರೂ ಆರು ವರ್ಷಕ್ಕೆ ಬದಲಿಸಿ ಎನ್ನುತ್ತದೆ ಫೋರ್ಡ್; ಹತ್ತು ವರ್ಷ ದಾಟಿಸಲೇಬಾರದು ಎನ್ನುತ್ತದೆ ಮಿಶೆಲಿನ್. ಭಾರ ಎಳೆಯುವವರಿಗೆ ಆರೇ ಸರಿ. ಸವೆತಕ್ಕೆ ಕಾನೂನಿನ ಮಿತಿ ಹೆಚ್ಚಿನ ರಾಜ್ಯಗಳಲ್ಲಿ 2/32 ಇಂಚು, ಆದರೆ ಮಳೆಯಲ್ಲಿ ಟ್ರೈಲರ್ ಸಮೇತ ನಿಲ್ಲಬೇಕಾದರೆ 4/32ಕ್ಕೇ ಬದಲಿಸಿ. ಕಾಲು ಡಾಲರ್ ನಾಣ್ಯವನ್ನು ತಲೆಕೆಳಗಾಗಿ ಬಟನ್ ಸಂದಿಗೆ ಇಳಿಸಿ. ವಾಷಿಂಗ್ಟನ್ನನ ನೆತ್ತಿ ಪೂರ್ತಿ ಕಂಡರೆ 4/32 ಮುಗಿಯಿತು.

ಅಂಗಡಿಯಿಂದ ಹೊರಡುವ ಮೊದಲು ಏನು ನೋಡಬೇಕು?

ಡಿಒಟಿ ದಿನಾಂಕ ನಾಲ್ಕರಲ್ಲೂ ಹತ್ತಿರವಿದೆಯೇ, ಲೋಡ್ ರೇಂಜ್ ನೀವು ದುಡ್ಡು ಕೊಟ್ಟದ್ದೇ ಆಗಿದೆಯೇ, ಗಾಳಿ ಎಷ್ಟು. ಗಾಳಿ ತುಂಬುವ ಹುಡುಗ ಬಾಗಿಲಿನ ಸ್ಟಿಕ್ಕರ್ ನೋಡಿ 35 ಹೊಡೆದಿರುತ್ತಾನೆ, ಅವನ ತಪ್ಪಲ್ಲ. ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿಸಿ: ಎಫ್-150ಗೆ 150 ಪೌಂಡ್-ಅಡಿ, ಸಿಲ್ವರಾಡೊ 1500ಗೆ 140, ರ‍್ಯಾಮ್ 1500ಗೆ 130. 50–100 ಮೈಲಿ ಓಡಿದ ಮೇಲೆ ಇನ್ನೊಮ್ಮೆ. ಟೈರಿನ ಸಂಖ್ಯೆಯನ್ನು ಕಂಪನಿಯಲ್ಲಿ ನೋಂದಾಯಿಸಿ, ವಾಪಸು ಕರೆ ಬಂದರೆ ಕಾಗದ ಮನೆಗೆ ಬರುತ್ತದೆ.

ಸ್ಟೆಪ್ನಿ?

ಅಮೆರಿಕದಲ್ಲಿ ಈ ಪದ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ, ‘ಸ್ಪೇರ್’ ಎನ್ನಿ. ನಾಲ್ಕು ಬದಲಿಸಿದವರು ಐದನೆಯದನ್ನು ಹಳೆಯದಾಗಿಯೇ ಬಿಡುತ್ತಾರೆ. ಟ್ರೈಲರ್ ಕಟ್ಟಿರುವಾಗ ಹಿಂದಿನ ಚಕ್ರ ಹೋದರೆ ಅಲ್ಲಿ ಕೂರುವುದು ಅದೇ. ಅದೂ ಅದೇ ಸೈಜು, ಅದೇ ರೇಂಜ್ ಇರಲಿ. ಗಾಡಿಯಡಿಯ ತಂತಿಯಿಂದ ವರ್ಷಕ್ಕೊಮ್ಮೆ ಕೆಳಗಿಳಿಸಿ ಗಾಳಿ ನೋಡಿ. ತಂತಿಯ ರಾಟೆ ತುಕ್ಕು ಹಿಡಿದು ಕಚ್ಚಿಕೊಂಡಿದೆಯೇ ಎಂಬುದು ತಿಳಿಯುವುದೂ ಆಗಲೇ.